ವಿದೇಶದ ಮೊಬೈಲಿಗೆ ಫೋನ್ ಮಾಡುವುದು ಹೇಗೆ? ಸೊನ್ನೆ ಎಲ್ಲಿ ತೆಗೆಯಬೇಕು, ಪ್ಲಸ್ ಎಲ್ಲಿ ಹಾಕಬೇಕು

ಪಕ್ಕದ ಮನೆಯ ದೊಡ್ಡಮ್ಮನ ಡೈರಿಯಲ್ಲಿ ಮಗನ ಲಂಡನ್ ನಂಬರ್ ನೀಲಿ ಪೆನ್ನಿನಲ್ಲಿ ಬರೆದಿದೆ. 07 ಅಂತ ಶುರುವಾಗುತ್ತದೆ. ಅವರು ಫೋನ್ ಮಾಡಿದಾಗಲೆಲ್ಲ ಆ ಕಡೆಯಿಂದ ಯಾರೋ ಹಿಂದಿಯಲ್ಲಿ ಮಾತಾಡುತ್ತಿದ್ದರು. ಮಗನ ಫೋನ್ ಯಾರ ಕೈಗೆ ಸಿಕ್ಕಿದೆಯೋ ಅಂತ ಪಾಪ, ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಮಗ ಕೊಟ್ಟ ನಂಬರ್ ತಪ್ಪಿರಲಿಲ್ಲ. ಮುಂದೆ ಒಂದು ಸೊನ್ನೆ ಜಾಸ್ತಿ ಇತ್ತು, 44 ಇರಲಿಲ್ಲ, ಅಷ್ಟೆ.

ಇಂಥ ಫೋನ್‌ಗಳನ್ನು ನಾನು ಎಷ್ಟು ಸಲ ಕೈಗೆ ತೆಗೆದುಕೊಂಡು ನೋಡಿದ್ದೇನೋ ಲೆಕ್ಕವಿಲ್ಲ. ಭಟ್ಕಳ, ಕುಂದಾಪುರ, ಮಂಗಳೂರು ಕಡೆ ಮನೆಗೊಬ್ಬರು ಗಲ್ಫ್‌ನಲ್ಲಿರುತ್ತಾರೆ. ಬೆಂಗಳೂರು, ಮೈಸೂರಿನ ಅಪ್ಪ ಅಮ್ಮಂದಿರ ಮಕ್ಕಳು ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇರುತ್ತಾರೆ. ಎಡವುವ ಜಾಗ ಮಾತ್ರ ಎಲ್ಲರದ್ದೂ ಒಂದೇ. ವಿದೇಶದಲ್ಲಿರುವವರು ಕೊಡುವ ನಂಬರ್, ಅದೇ ದೇಶದ ಒಳಗಿನವರು ಡಯಲ್ ಮಾಡಲು ಬರೆದ ನಂಬರ್ ಆಗಿರುತ್ತದೆ. ಅದನ್ನು ಇಲ್ಲಿಂದ ಡಯಲ್ ಮಾಡುವ ರೂಪಕ್ಕೆ ನಾವು ತಿರುಗಿಸಿಕೊಳ್ಳಬೇಕು. ಅದನ್ನೇ ಹಂತ ಹಂತವಾಗಿ ಬರೆದಿದ್ದೇನೆ. ಇದೇ ಅನುಕ್ರಮದಲ್ಲಿ ಮಾಡಿ. ನಡುವಿನ ಒಂದು ಹಂತ ಬಿಟ್ಟರೆ ಮುಂದೆ ಎಲ್ಲಿ ತಪ್ಪಿತು ಅಂತ ಹುಡುಕುವುದೇ ಕಷ್ಟ.

## ಶುರು ಮಾಡುವ ಮೊದಲು ಹತ್ತಿರ ಇರಬೇಕಾದ್ದು

ಒಂದು ಹಾಳೆ, ಒಂದು ಪೆನ್ನು. ಫೋನ್ ಮಾಡಬೇಕಾದವರು ಈಗ ಯಾವ ದೇಶದಲ್ಲಿದ್ದಾರೆ ಅನ್ನುವ ಖಚಿತ ಮಾಹಿತಿ. ಅವರ ನಂಬರ್. ನಿಮ್ಮ ಸಿಮ್‌ನಲ್ಲಿ ಸ್ವಲ್ಪ ಕರೆನ್ಸಿ.

ನಂಬರನ್ನು ನೇರವಾಗಿ ಫೋನಿನಲ್ಲಿ ಒತ್ತಬೇಡಿ. ಮೊದಲು ಹಾಳೆಯ ಮೇಲೆ ಬರೆಯಿರಿ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಹಾಳೆಯ ಮೇಲೆ ಅಂಕಿ ಎಣಿಸುವುದು ಸುಲಭ, ಫೋನಿನ ಪರದೆಯ ಮೇಲೆ ಕಷ್ಟ.

## ಹಂತ 1: ನಂಬರನ್ನು ಸರಿಯಾಗಿ ಕೇಳಿ ತೆಗೆದುಕೊಳ್ಳಿ

"ನಿನ್ನ ನಂಬರ್ ಹೇಳು" ಅಂತ ಕೇಳಿದರೆ ಅವರು ಅಲ್ಲಿ ದಿನಾ ಹೇಳುವ ರೀತಿಯಲ್ಲೇ ಹೇಳುತ್ತಾರೆ. ದುಬೈಯಲ್ಲಿರುವವನು 050 ಅಂತ ಶುರು ಮಾಡುತ್ತಾನೆ. ಸಿಡ್ನಿಯಲ್ಲಿರುವವಳು 04 ಅನ್ನುತ್ತಾಳೆ. ಅವರ ತಪ್ಪಲ್ಲ, ನಾವೂ ಬೇರೆಯವರಿಗೆ ನಂಬರ್ ಹೇಳುವಾಗ +91 ಅಂತ ಶುರು ಮಾಡುವುದಿಲ್ಲ, ಅಲ್ವಾ?

ಹಾಗಾಗಿ ಹೀಗೆ ಕೇಳಿ: "ಪ್ಲಸ್‌ನಿಂದ ಶುರು ಮಾಡಿ ಪೂರ್ತಿ ನಂಬರ್ ಮೆಸೇಜ್ ಮಾಡು." ಬಾಯಲ್ಲಿ ಹೇಳಿಸಿಕೊಳ್ಳುವುದಕ್ಕಿಂತ ಬರೆದು ಕಳಿಸಿದ್ದೇ ವಾಸಿ. ಅವರು ವಾಟ್ಸಾಪ್‌ನಲ್ಲಿದ್ದರೆ ಇನ್ನೂ ಸುಲಭ. ಅವರ ಪ್ರೊಫೈಲ್ ತೆರೆದರೆ ಹೆಸರಿನ ಕೆಳಗೆ ನಂಬರ್ ಪ್ಲಸ್ ಸಮೇತ ಕಾಣುತ್ತದೆ. ಆದರೆ ಒಂದು ಮಾತು ಗಮನಿಸಿ. ಎಷ್ಟೋ ಜನ ವಿದೇಶಕ್ಕೆ ಹೋದ ಮೇಲೂ ವಾಟ್ಸಾಪ್‌ನಲ್ಲಿ ಹಳೆಯ ಭಾರತದ ನಂಬರನ್ನೇ ಇಟ್ಟುಕೊಂಡಿರುತ್ತಾರೆ. ಅಲ್ಲಿ +91 ಕಂಡರೆ ಅದು ಅಲ್ಲಿನ ಸಿಮ್ ನಂಬರ್ ಅಲ್ಲ. ಅಲ್ಲಿನ ನಂಬರನ್ನು ಬೇರೆ ಕೇಳಬೇಕು.

ಮೊಬೈಲ್ ನಂಬರೋ ಲ್ಯಾಂಡ್‌ಲೈನ್ ನಂಬರೋ ಅಂತಲೂ ಕೇಳಿಕೊಳ್ಳಿ. ಬಹಳಷ್ಟು ದೇಶಗಳಲ್ಲಿ ಮೊಬೈಲಿಗೆ ಮಾಡುವ ಕರೆಗೆ ದರ ಜಾಸ್ತಿ.

## ಹಂತ 2: ನಿಮ್ಮ ಸಿಮ್‌ನಲ್ಲಿ ಐಎಸ್‌ಡಿ ತೆರೆದಿದೆಯಾ ನೋಡಿ

"ನನ್ನದು ಅನ್‌ಲಿಮಿಟೆಡ್ ಪ್ಯಾಕ್, ಆದರೂ ಕಾಲ್ ಹೋಗ್ತಿಲ್ಲ" ಅನ್ನುವವರು ತುಂಬಾ ಜನ. ಆ ಅನ್‌ಲಿಮಿಟೆಡ್ ದೇಶದ ಒಳಗಿನ ಕರೆಗೆ ಮಾತ್ರ. ಹೊರದೇಶದ ಕರೆಗೆ, ಅಂದರೆ ಐಎಸ್‌ಡಿಗೆ, ಬೇರೆ ದುಡ್ಡು ಬೇಕು. ಪ್ರಿಪೇಯ್ಡ್ ಆದರೆ ಮುಖ್ಯ ಬ್ಯಾಲೆನ್ಸ್‌ನಲ್ಲಿ ಕರೆನ್ಸಿ ಇರಬೇಕು, ಇಲ್ಲವೇ ಆ ದೇಶಕ್ಕೆ ಅನ್ವಯಿಸುವ ಐಎಸ್‌ಡಿ ಪ್ಯಾಕ್ ಹಾಕಿಸಿರಬೇಕು. ಪೋಸ್ಟ್‌ಪೇಯ್ಡ್ ಆದರೆ ಐಎಸ್‌ಡಿ ಸೌಲಭ್ಯ ಮುಚ್ಚಿರುವ ಸಾಧ್ಯತೆ ಇದೆ. ಕಂಪನಿಯ ಆ್ಯಪ್‌ನಲ್ಲಿ ಅಥವಾ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ತೆರೆಸಿಕೊಳ್ಳಿ. ಮನೆಯ ಲ್ಯಾಂಡ್‌ಲೈನ್‌ನಿಂದ ಮಾಡುವವರೂ ಇದನ್ನು ಮೊದಲೇ ವಿಚಾರಿಸಿ.

ಇಲ್ಲಿ ಮೂರು ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ.

ಒಂದು, ಐಎಸ್‌ಡಿ ಪ್ಯಾಕ್ ಬದಲು ಇಂಟರ್‌ನ್ಯಾಷನಲ್ ರೋಮಿಂಗ್ ಪ್ಯಾಕ್ ಹಾಕಿಸಿಕೊಳ್ಳುವುದು. ಹೆಸರು ಕೇಳಿದರೆ ಎರಡೂ ಒಂದೇ ಅನ್ನಿಸುತ್ತದೆ. ನೀವು ಇಲ್ಲೇ ಕೂತು ಹೊರದೇಶಕ್ಕೆ ಫೋನ್ ಮಾಡುವುದಕ್ಕೆ ಬೇಕಾದ್ದು ಐಎಸ್‌ಡಿ. ನೀವೇ ಇಲ್ಲಿನ ಸಿಮ್ ತೆಗೆದುಕೊಂಡು ಹೊರದೇಶಕ್ಕೆ ಹೋದಾಗ ಬೇಕಾದ್ದು ರೋಮಿಂಗ್. ಅಂಗಡಿಯಲ್ಲಿ ಕೇಳುವಾಗ "ಇಲ್ಲಿಂದ ದುಬೈಗೆ ಕಾಲ್ ಮಾಡೋಕೆ" ಅಂತಲೇ ಬಿಡಿಸಿ ಹೇಳಿ. ಒಮ್ಮೆ ನಮ್ಮ ಊರಿನ ರೀಚಾರ್ಜ್ ಅಂಗಡಿಯೊಂದರಲ್ಲಿ ನಾನು ಹೀಗೆ ಬಿಡಿಸಿ ಹೇಳದೆ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡು ಬಂದೆ. ದುಡ್ಡು ವಾಪಸ್ ಬರಲಿಲ್ಲ.

ಎರಡು, ಪ್ಯಾಕ್ ಒಂದು ಸಿಮ್‌ಗೆ ಹಾಕಿಸಿ ಕರೆ ಇನ್ನೊಂದು ಸಿಮ್‌ನಿಂದ ಮಾಡುವುದು. ಎರಡು ಸಿಮ್ ಇರುವ ಫೋನಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಡಯಲ್ ಮಾಡುವಾಗ ಯಾವ ಸಿಮ್ ಅಂತ ನೋಡಿಯೇ ಒತ್ತಿ.

ಮೂರು, ಪ್ಯಾಕಿನ ದೇಶಗಳ ಪಟ್ಟಿ ನೋಡದೆ ಇರುವುದು. ಅಮೆರಿಕಕ್ಕೆ ಅಂತ ಹಾಕಿಸಿದ ಪ್ಯಾಕ್ ಕತಾರ್‌ಗೆ ನಡೆಯುತ್ತದೆ ಅಂದುಕೊಳ್ಳಬೇಡಿ. ಪ್ಯಾಕ್ ಇಲ್ಲದ ದೇಶಕ್ಕೆ ಮಾಡಿದರೆ ನಿಮಿಷದ ಲೆಕ್ಕದಲ್ಲಿ ಪೂರ್ತಿ ದರ ಕಡಿತವಾಗುತ್ತದೆ.

## ಹಂತ 3: ಮೊದಲು ಪ್ಲಸ್ ಒತ್ತಿ

ಸ್ಮಾರ್ಟ್‌ಫೋನಿನಲ್ಲಿ 0 ಬಟನ್ ಮೇಲೆ ಬೆರಳಿಟ್ಟು ಒಂದು ಸೆಕೆಂಡ್ ಹಾಗೇ ಹಿಡಿಯಿರಿ. ಸೊನ್ನೆಯ ಜಾಗದಲ್ಲಿ + ಬರುತ್ತದೆ. ಹಿಡಿಯದೆ ಸುಮ್ನೆ ತಟ್ಟಿದರೆ 0 ಬೀಳುತ್ತದೆ, ಅಲ್ಲಿಗೆ ಕೆಲಸ ಕೆಟ್ಟಿತು. ಬಟನ್ ಇರುವ ಹಳೆಯ ನೋಕಿಯಾದಂಥ ಫೋನುಗಳಲ್ಲಿ * ಬಟನ್ ಬೇಗ ಬೇಗ ಎರಡು ಸಲ ಒತ್ತಿದರೆ + ಬರುತ್ತದೆ. ಕೆಲವದರಲ್ಲಿ 0 ಹಿಡಿದರೂ ಬರುತ್ತದೆ.

ಪ್ಲಸ್ ಬರಲೇ ಇಲ್ಲ ಅಂದರೆ, ಅಥವಾ ಲ್ಯಾಂಡ್‌ಲೈನ್ ಆದರೆ, ಅದರ ಬದಲು 00 ಒತ್ತಿ. ಭಾರತದಿಂದ ಹೊರಗೆ ಹೋಗುವ ಬಾಗಿಲು 00. ಪ್ಲಸ್ ಅಂದರೂ ಅದೇ ಅರ್ಥ, ನೀವು ಯಾವ ದೇಶದಲ್ಲಿದ್ದರೂ ಮೊಬೈಲ್ ಜಾಲ ಅದನ್ನು ಆ ದೇಶದ ಬಾಗಿಲಾಗಿ ಬದಲಿಸಿಕೊಳ್ಳುತ್ತದೆ. +00 ಅಂತ ಎರಡನ್ನೂ ಸೇರಿಸಿ ಒತ್ತಬೇಡಿ. ಒಂದೇ ಬಾಗಿಲು ಸಾಕು.

ಪ್ಲಸ್ ಬಿಟ್ಟರೆ ಏನಾಗುತ್ತದೆ ಅಂತ ಗೊತ್ತಾದರೆ ಇನ್ನು ಯಾವತ್ತೂ ಬಿಡುವುದಿಲ್ಲ. ಸಿಂಗಾಪುರದ ಕೋಡ್ 65, ಅಲ್ಲಿನ ಮೊಬೈಲ್ ನಂಬರ್ 8 ಅಂಕಿ. ಎರಡೂ ಸೇರಿ 10 ಅಂಕಿ, ಶುರು 6ರಿಂದ. ನಮ್ಮ ದೇಶದ ಮೊಬೈಲ್ ನಂಬರುಗಳೂ 10 ಅಂಕಿ, 6, 7, 8, 9ರಿಂದಲೇ ಶುರುವಾಗುತ್ತವೆ. ಅಂದರೆ ಪ್ಲಸ್ ಇಲ್ಲದ ಸಿಂಗಾಪುರದ ನಂಬರ್ ನಮ್ಮ ಜಾಲದ ಕಣ್ಣಿಗೆ ಥೇಟ್ ಭಾರತದ ನಂಬರ್! ಕರೆ ಇಲ್ಲೇ ಯಾರದೋ ಮನೆಯಲ್ಲಿ ರಿಂಗ್ ಆಗುತ್ತದೆ.

## ಹಂತ 4: ದೇಶದ ಕೋಡ್

ಪ್ಲಸ್ ಆದ ಕೂಡಲೇ ದೇಶದ ಕೋಡ್. ನಮ್ಮವರು ಹೆಚ್ಚಾಗಿ ಫೋನ್ ಮಾಡುವ ದೇಶಗಳವು ಇವು:

ಅಮೆರಿಕ ಮತ್ತು ಕೆನಡಾ 1. ಬ್ರಿಟನ್ 44. ಐರ್ಲೆಂಡ್ 353. ಜರ್ಮನಿ 49. ಇಟಲಿ 39.
ಯುಎಇ, ಅಂದರೆ ದುಬೈ, ಅಬುಧಾಬಿ, ಶಾರ್ಜಾ ಎಲ್ಲಕ್ಕೂ 971. ಸೌದಿ 966. ಕತಾರ್ 974. ಕುವೈತ್ 965. ಒಮಾನ್ 968. ಬಹರೇನ್ 973.
ಸಿಂಗಾಪುರ 65. ಮಲೇಷ್ಯಾ 60. ಆಸ್ಟ್ರೇಲಿಯಾ 61. ನ್ಯೂಜಿಲೆಂಡ್ 64. ಜಪಾನ್ 81.
ನೇಪಾಳ 977. ಶ್ರೀಲಂಕಾ 94.

ಗಲ್ಫ್ ಕೋಡುಗಳು ಒಂದರ ಪಕ್ಕ ಒಂದು ಇರುವುದರಿಂದ ಅದಲು ಬದಲಾಗುವುದು ಸಹಜ. 971ರ ಬದಲು 974 ಒತ್ತಿದರೆ ದುಬೈ ಬದಲು ದೋಹಾ.

ಅಮೆರಿಕದ ವಿಷಯದಲ್ಲಿ ಬೇರೆ ರೀತಿಯ ಜಾಗ್ರತೆ ಬೇಕು. ಅಲ್ಲಿ ಮೊಬೈಲಿಗೂ ಊರಿನ ಏರಿಯಾ ಕೋಡ್ ಇರುತ್ತದೆ. ಡಲ್ಲಾಸ್ ಕಡೆಯ ಒಂದು ಏರಿಯಾ ಕೋಡ್ 972. ಮಗಳು "972" ಅಂತ ಶುರು ಮಾಡಿ ನಂಬರ್ ಹೇಳಿದಳು, ನೀವು 1 ಮರೆತು +972 ಒತ್ತಿದಿರಿ ಅಂತಿಟ್ಟುಕೊಳ್ಳಿ. 972 ಇಸ್ರೇಲ್ ದೇಶದ ಕೋಡ್. ಕರೆ ಡಲ್ಲಾಸ್ ಬಿಟ್ಟು ಇಸ್ರೇಲ್ ದಾರಿ ಹಿಡಿಯುತ್ತದೆ. ನ್ಯೂಯಾರ್ಕ್‌ನ 917 ಇನ್ನೂ ಮಜಾ. +917 ಅಂದರೆ ಜಾಲ ಅದನ್ನು +91, ಮುಂದೆ 7 ಅಂತ ಓದಿ ಭಾರತಕ್ಕೇ ವಾಪಸ್ ತಿರುಗಿಸುತ್ತದೆ. ಅಮೆರಿಕದ ನಂಬರ್ ಏನೇ ಇರಲಿ, ಮುಂದೆ +1 ಇದೆಯಾ ಅಂತ ಎರಡು ಸಲ ನೋಡಿ.

ಇನ್ನೊಂದು ದೊಡ್ಡ ತಪ್ಪು, ಎಲ್ಲ ನಂಬರಿನ ಮುಂದೆಯೂ ಅಭ್ಯಾಸಬಲದಿಂದ +91 ಹಾಕುವುದು. +91 44 ಅಂತ ಒತ್ತಿದರೆ ಅದು ಬ್ರಿಟನ್ ಅಲ್ಲ, ಚೆನ್ನೈ. ನಮ್ಮ ದೇಶದ ಒಳಗೆ 44 ಚೆನ್ನೈಯ ಎಸ್‌ಟಿಡಿ ಕೋಡ್. +91 ಭಾರತದ ಕೋಡ್, ಹೊರಗಿನವರು ನಮಗೆ ಮಾಡುವಾಗ ಬೇಕಾದ್ದು. ನಾವು ಹೊರಗೆ ಮಾಡುವಾಗ ಅದರ ಕೆಲಸವೇ ಇಲ್ಲ.

## ಹಂತ 5: ಮುಂದಿನ ಸೊನ್ನೆ ತೆಗೆಯಿರಿ

ಹತ್ತರಲ್ಲಿ ಎಂಟು ಫೋನುಗಳಲ್ಲಿ ನಾನು ಕಂಡ ತಪ್ಪು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನಕ್ಕೆ ಓದಿ.

ಕೆಲವು ದೇಶಗಳಲ್ಲಿ ನಂಬರಿನ ಮುಂದೆ ಒಂದು 0 ಇರುತ್ತದೆ. ಅದು ನಂಬರಿನ ಭಾಗವಲ್ಲ, ದೇಶದ ಒಳಗೆ ಡಯಲ್ ಮಾಡುವಾಗ ಹಾಕುವ ಗುರುತು. ನಮ್ಮಲ್ಲಿ ಮೈಸೂರಿನ ಲ್ಯಾಂಡ್‌ಲೈನ್‌ಗೆ 0821 ಅಂತ ಹಾಕುತ್ತೇವಲ್ಲ, ಹೊರದೇಶದಿಂದ ಮಾಡುವವರು ಅದನ್ನು +91 821 ಅಂತ ಮಾಡುತ್ತಾರೆ. ಆ ಸೊನ್ನೆ ಗಡಿ ದಾಟುವುದಿಲ್ಲ. ಅದೇ ಲೆಕ್ಕ ಅಲ್ಲಿನ ನಂಬರಿಗೂ.

ಹಾಳೆಯ ಮೇಲೆ ಮಾಡಿ ನೋಡೋಣ. ಬ್ರಿಟನ್ನಿನಲ್ಲಿ ನಾಟಕ, ಸಿನಿಮಾಗಳಿಗೆ ಅಂತಲೇ ಮೀಸಲಿಟ್ಟ, ಯಾರಿಗೂ ಕೊಡದ ನಂಬರುಗಳಿವೆ. ಅದರಲ್ಲೊಂದು: 07700 900123.

ಮೊದಲು ಆ ನಂಬರ್ ಬರೆಯಿರಿ. ಮೊದಲ 0 ಮೇಲೆ ಅಡ್ಡಗೆರೆ ಎಳೆಯಿರಿ. ಉಳಿದದ್ದು 7700 900123. ಅದರ ಮುಂದೆ +44 ಬರೆಯಿರಿ. +44 7700 900123. ಇದೇ ನೀವು ಒತ್ತಬೇಕಾದ್ದು. ನಡುವಿನ ಖಾಲಿ ಜಾಗ ಒತ್ತಬೇಕಿಲ್ಲ, ಅದು ಓದುವುದಕ್ಕೆ.

ದೊಡ್ಡಮ್ಮನ ಮನೆಯ ಕತೆಗೆ ಕಾರಣವೂ ಇದೇ. ಬ್ರಿಟನ್ ಮೊಬೈಲಿನ ಸೊನ್ನೆ ತೆಗೆದರೆ ಉಳಿಯುವುದು 7ರಿಂದ ಶುರುವಾಗುವ 10 ಅಂಕಿ. ನಮ್ಮ ಮೊಬೈಲ್ ನಂಬರಿನ ಅಚ್ಚು ಅದೇ. +44 ಇಲ್ಲದೆ 07 ಅಂತ ಒತ್ತಿದರೆ ಜಾಲಕ್ಕೆ ಅನುಮಾನವೇ ಬರುವುದಿಲ್ಲ, ನೇರ ಇಲ್ಲಿಯ ಯಾರಿಗೋ ಜೋಡಿಸಿಬಿಡುತ್ತದೆ. ನೇಪಾಳದ ನಂಬರಿನದ್ದೂ ಇದೇ ಪಾಡು. ಅಲ್ಲಿನ ಮೊಬೈಲ್ 97, 98ರಿಂದ ಶುರುವಾಗುವ 10 ಅಂಕಿ. ನಮ್ಮ ಹೋಟೆಲುಗಳಲ್ಲಿ ಕೆಲಸ ಮಾಡುವ ನೇಪಾಳದ ಹುಡುಗರು ಹಬ್ಬಕ್ಕೆ ಊರಿಗೆ ಹೋದಾಗ ಅವರ ಅಲ್ಲಿನ ನಂಬರಿಗೆ ಮಾಡುವವರು +977 ಮರೆಯಬೇಡಿ.

ಈಗ ದೇಶವಾರು ನೋಡಿ. × ಇರುವಲ್ಲಿ ನಿಮ್ಮವರ ನಂಬರಿನ ಅಂಕಿ.

ಸೊನ್ನೆ ತೆಗೆಯಬೇಕಾದ ದೇಶಗಳು

ಯುಎಇ: 050 ××× ×××× ಅಂತ ಕೊಟ್ಟರೆ +971 50 ××× ××××. ಕೋಡ್ ಆದಮೇಲೆ 9 ಅಂಕಿ. ಅಲ್ಲಿನ ಮೊಬೈಲ್ ಎಲ್ಲವೂ 05ರಿಂದ ಶುರು. 04 ಅಂತ ಕೊಟ್ಟರೆ ಅದು ದುಬೈಯ ಲ್ಯಾಂಡ್‌ಲೈನ್.
ಸೌದಿ: 05× ಅಂತ ಶುರು. +966 5× ಅಂತ ಒತ್ತಿ, ಕೋಡ್ ಆದಮೇಲೆ 9 ಅಂಕಿ.
ಬ್ರಿಟನ್: 07ರಿಂದ ಶುರು. +44 7, ಕೋಡ್ ಆದಮೇಲೆ 10 ಅಂಕಿ.
ಆಸ್ಟ್ರೇಲಿಯಾ: 04ರಿಂದ ಶುರು. 0491 570 156 ಇದ್ದದ್ದು +61 491 570 156 ಆಗುತ್ತದೆ. ಕೋಡ್ ಆದಮೇಲೆ 9 ಅಂಕಿ.
ಐರ್ಲೆಂಡ್: 08ರಿಂದ ಶುರು. +353 8, ಕೋಡ್ ಆದಮೇಲೆ 9 ಅಂಕಿ.
ಜರ್ಮನಿ: 015, 016, 017 ಅಂತ ಶುರು. +49 15 ಹೀಗೆ. ಇಲ್ಲಿ ಕೋಡ್ ಆದಮೇಲೆ 10 ಇರಬಹುದು, 11 ಕೂಡ ಇರಬಹುದು, ಹಾಗಾಗಿ ಎಣಿಕೆ ನೋಡಿ ಗಾಬರಿ ಬೇಡ.
ಮಲೇಷ್ಯಾ 01, ನ್ಯೂಜಿಲೆಂಡ್ 02, ಜಪಾನ್ 070, 080 ಅಥವಾ 090 ಅಂತ ಶುರುವಾಗುತ್ತವೆ. ಮೂರರಲ್ಲೂ ಮೊದಲ ಸೊನ್ನೆ ತೆಗೆಯಿರಿ. ಮೊದಲನೆಯದು ಮಾತ್ರ! ಜಪಾನಿನ 090ರಲ್ಲಿ ಉಳಿಯುವುದು 90.

ತೆಗೆಯಲು ಸೊನ್ನೆಯೇ ಇಲ್ಲದ ದೇಶಗಳು

ಕತಾರ್, ಕುವೈತ್, ಒಮಾನ್, ಬಹರೇನ್, ಸಿಂಗಾಪುರ. ಐದರಲ್ಲೂ ಮೊಬೈಲ್ ನಂಬರ್ 8 ಅಂಕಿ, ಮುಂದೆ ಸೊನ್ನೆ ಇಲ್ಲ. ಕೋಡ್ ಹಾಕಿ ಹಾಗೇ ಒತ್ತುವುದು. ಕತಾರ್‌ನ ನಂಬರ್ 8 ಅಂಕಿ ಮಾತ್ರ ಇದೆ, ಎರಡು ಬಿಟ್ಟುಹೋಗಿರಬೇಕು ಅಂತ ನಾವೇ ಮುಂದೆ ಏನೋ ಸೇರಿಸುವುದುಂಟು. ಬೇಡ, ಅದು ಪೂರ್ತಿ ನಂಬರೇ.

ಅಮೆರಿಕ, ಕೆನಡಾದಲ್ಲೂ ಸೊನ್ನೆ ಇಲ್ಲ. 10 ಅಂಕಿ. ಸ್ಯಾನ್ ಹೋಸೆಯ 408 555 0123 ಅಂತಿದ್ದರೆ +1 408 555 0123. ಅಲ್ಲಿಯವರು ಕೆಲವೊಮ್ಮೆ 1ನ್ನೂ ಸೇರಿಸಿ ಹೇಳುತ್ತಾರೆ. ಆಗ ಮತ್ತೊಂದು 1 ಹಾಕಬೇಡಿ.

ಬೇರೆ ದಾರಿಯ ಒಂದೆರಡು ದೇಶಗಳು

ಇಟಲಿಯ ಮೊಬೈಲ್ 3ರಿಂದ ಶುರು, ಸೊನ್ನೆ ಇಲ್ಲ. ಆದರೆ ಅಲ್ಲಿನ ಲ್ಯಾಂಡ್‌ಲೈನಿನ ಸೊನ್ನೆ ತೆಗೆಯಲೇಬಾರದು, +39 ಆದಮೇಲೂ ಅದು ಇರಬೇಕು. ಅರ್ಜೆಂಟೀನಾದ ಮೊಬೈಲಿಗೆ +54 ಆದಮೇಲೆ ಒಂದು 9 ಸೇರಿಸಬೇಕು, ಅವರು ಒಳಗೆ ಬಳಸುವ 15 ಬಿಡಬೇಕು. ಮೆಕ್ಸಿಕೋದ ಮೊಬೈಲಿಗೆ ಮೊದಲು +52 ಆದಮೇಲೆ 1 ಹಾಕಬೇಕಿತ್ತು, 2019ರ ಆಗಸ್ಟ್‌ನಿಂದ ಅದು ಬೇಡ. ಹಳೆಯ ಡೈರಿಯಲ್ಲಿ +52 1 ಅಂತ ಇದ್ದರೆ ಆ 1 ತೆಗೆದುಬಿಡಿ.

ಕೊನೆಗೆ ಒಂದು ಪರೀಕ್ಷೆ. ದೇಶದ ಕೋಡ್ ಸೇರಿ ಯಾವ ನಂಬರೂ 15 ಅಂಕಿ ದಾಟುವುದಿಲ್ಲ, ಅದು ಇಡೀ ಜಗತ್ತಿಗೆ ಇರುವ ಮಿತಿ. ಯುಎಇ, ಸೌದಿ, ಬ್ರಿಟನ್ ಆದರೆ ಒಟ್ಟು 12. ಅಮೆರಿಕ, ಕತಾರ್, ಕುವೈತ್ ಆದರೆ 11. ದುಬೈ ನಂಬರ್ 13 ಬಂತಾ? ಸೊನ್ನೆ ಇನ್ನೂ ಒಳಗೇ ಕೂತಿದೆ.

## ಹಂತ 6: ಅಲ್ಲಿ ಈಗ ಎಷ್ಟು ಗಂಟೆ ನೋಡಿ

ಇಲ್ಲಿ ರಾತ್ರಿ 8 ಗಂಟೆ ಆದಾಗ ದುಬೈ, ಮಸ್ಕತ್‌ನಲ್ಲಿ ಸಂಜೆ 6:30. ದೋಹಾ, ರಿಯಾದ್, ಕುವೈತ್, ಮನಾಮಾದಲ್ಲಿ 5:30. ಸಿಂಗಾಪುರದಲ್ಲಿ ರಾತ್ರಿ 10:30. ಸಿಡ್ನಿಯಲ್ಲಿ ಆಗಲೇ ನಡುರಾತ್ರಿ ದಾಟಿರುತ್ತದೆ.

ಲಂಡನ್ ಮತ್ತು ಅಮೆರಿಕದಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ಹಿಂದೆ ಮುಂದೆ ಆಗುತ್ತದೆ. ನಮ್ಮ ರಾತ್ರಿ 8ಕ್ಕೆ ಲಂಡನ್‌ನಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ 2:30, ಬೇಸಿಗೆಯಲ್ಲಿ 3:30. ನ್ಯೂಯಾರ್ಕ್‌ನಲ್ಲಿ ಬೆಳಗ್ಗೆ 9:30 ಅಥವಾ 10:30. ಕ್ಯಾಲಿಫೋರ್ನಿಯಾದಲ್ಲಿ ಬೆಳಗ್ಗೆ 6:30 ಅಥವಾ 7:30. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಬದಲಾದರೆ, ಬ್ರಿಟನ್ನಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ. ನಡುವಿನ ವಾರಗಳಲ್ಲಿ ಲೆಕ್ಕ ತಪ್ಪುವುದು ಹೆಚ್ಚು.

ಭಾನುವಾರ ರಜೆ ಇರುತ್ತದೆ ಅಂತ ಸೌದಿ, ಕತಾರ್, ಕುವೈತ್‌ಗೆ ಆ ದಿನ ಹಗಲು ಮಾಡಿದರೆ ಅವರು ಕೆಲಸದಲ್ಲಿರುತ್ತಾರೆ. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಯುಎಇಯಲ್ಲಿ 2022ರಿಂದ ಶನಿವಾರ, ಭಾನುವಾರ.

## ಹಂತ 7: ಡಯಲ್ ಮಾಡಿ, ಕಾಯಿರಿ

ಹಸಿರು ಬಟನ್ ಒತ್ತಿದ ಮೇಲೆ ಹತ್ತು ಹದಿನೈದು ಸೆಕೆಂಡ್ ಏನೂ ಕೇಳಿಸದೇ ಇರಬಹುದು. ಕರೆ ಒಂದು ಜಾಲದಿಂದ ಇನ್ನೊಂದಕ್ಕೆ ದಾಟುತ್ತಿರುತ್ತದೆ. ವಯಸ್ಸಾದವರು ಇಲ್ಲೇ "ಹೋಗ್ತಾ ಇಲ್ಲ" ಅಂತ ಕಟ್ ಮಾಡುತ್ತಾರೆ. ಇಪ್ಪತ್ತರ ತನಕ ಮನಸ್ಸಿನಲ್ಲೇ ಎಣಿಸಿ.

ರಿಂಗ್ ಸದ್ದು ಕೂಡ ಬೇರೆ. ನಮಗೆ ಅಭ್ಯಾಸವಾದದ್ದು "ಟ್ರಿನ್ ಟ್ರಿನ್" ಅಂತ ಜೋಡಿ ರಿಂಗ್. ಅಮೆರಿಕದ್ದು ಎರಡು ಸೆಕೆಂಡಿನ ಒಂದೇ ಉದ್ದ ಸದ್ದು, ಆಮೇಲೆ ನಾಲ್ಕು ಸೆಕೆಂಡ್ ಮೌನ. ಆ ಮೌನದಲ್ಲಿ ಕರೆ ಕಟ್ ಆಗಿಲ್ಲ.

ನಾಲ್ಕೈದು ರಿಂಗ್ ಆದರೂ ಎತ್ತದಿದ್ದರೆ ನೀವೇ ಇಡಿ. ಅಮೆರಿಕದಲ್ಲಿ ಎತ್ತದ ಕರೆ ಹೆಚ್ಚಾಗಿ ವಾಯ್ಸ್‌ಮೇಲ್‌ಗೆ ಹೋಗುತ್ತದೆ. ರೆಕಾರ್ಡ್ ಮಾಡಿದ ಧ್ವನಿ ಮಾತಾಡಿದ ಕೂಡಲೇ ನಮ್ಮ ಲೆಕ್ಕದಲ್ಲಿ ಕರೆ ಎತ್ತಿದಂತೆ, ದುಡ್ಡು ಓಡಲು ಶುರು.

ಅವರು ಎತ್ತದಿರಲು ಇನ್ನೊಂದು ಕಾರಣ, ನಿಮ್ಮ ನಂಬರ್ ಅವರ ಫೋನಿನಲ್ಲಿ ಸೇವ್ ಆಗಿರುವುದಿಲ್ಲ. ಗೊತ್ತಿಲ್ಲದ ನಂಬರಿನ ಕರೆ ಸದ್ದೇ ಮಾಡದಂತೆ ಫೋನಿನಲ್ಲಿ ಇಟ್ಟುಕೊಂಡಿರುತ್ತಾರೆ. ಮೊದಲ ಸಲ ಮಾಡುವಾಗ "ಐದು ನಿಮಿಷಕ್ಕೆ ಈ ನಂಬರಿಂದ ಮಾಡ್ತೀನಿ" ಅಂತ ಮೆಸೇಜ್ ಹಾಕಿ.

ವಾಟ್ಸಾಪ್ ಇರುವಾಗ ಇಷ್ಟೆಲ್ಲ ಯಾಕೆ ಅಂತ ಕೇಳುತ್ತೀರಾ? ಯುಎಇಯಲ್ಲಿ ವಾಟ್ಸಾಪ್ ಮೆಸೇಜ್ ನಡೆಯುತ್ತದೆ, ಕಾಲ್ ನಡೆಯುವುದಿಲ್ಲ, ಅಲ್ಲಿ ಅದಕ್ಕೆ ನಿರ್ಬಂಧವಿದೆ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ದುಬೈಯಲ್ಲಿರುವ ಮಗನಿಗೆ ಈಗಲೇ ತಿಳಿಸಬೇಕು ಅನ್ನುವ ಹೊತ್ತಿಗೆ ಈ ಸಾದಾ ಕರೆಯೇ ಕೈಹಿಡಿಯುವುದು. ಆ ಹೊತ್ತಿಗೆ ಕಲಿಯುವುದಕ್ಕಿಂತ ಇವತ್ತೇ ಒಮ್ಮೆ ಮಾಡಿ ನೋಡಿ.

## ಹಂತ 8: ತಾಗದಿದ್ದರೆ, ಕೇಳಿಸುವ ಧ್ವನಿಯಿಂದ ತಪ್ಪು ಹುಡುಕಿ

ಮತ್ತೆ ಮತ್ತೆ ಅದೇ ನಂಬರ್ ಒತ್ತುವುದರಿಂದ ಏನೂ ಬದಲಾಗುವುದಿಲ್ಲ. ಏನು ಕೇಳಿಸಿತು ಅಂತ ಗಮನಿಸಿ.

ಕನ್ನಡದಲ್ಲೋ ಹಿಂದಿಯಲ್ಲೋ ರೆಕಾರ್ಡ್ ಧ್ವನಿ ಬಂದರೆ ಕರೆ ದೇಶದಿಂದ ಹೊರಗೇ ಹೋಗಿಲ್ಲ. ತಪ್ಪು ನಿಮ್ಮ ಕಡೆ ಇದೆ. ಸೌಲಭ್ಯ ಇಲ್ಲ, ಬ್ಯಾಲೆನ್ಸ್ ಇಲ್ಲ ಅಂದರೆ ಹಂತ 2ಕ್ಕೆ ಹೋಗಿ. ನಂಬರ್ ಸರಿಯಿಲ್ಲ ಅಂದರೆ ಹಂತ 3, 4 ನೋಡಿ.

ಅರೇಬಿಕ್ ಅಥವಾ ಅಲ್ಲಿನ ಭಾಷೆಯ ರೆಕಾರ್ಡ್ ಧ್ವನಿ ಬಂದರೆ ಒಳ್ಳೆಯ ಸೂಚನೆ, ಕರೆ ಆ ದೇಶ ಮುಟ್ಟಿದೆ. ಪ್ಲಸ್ಸೂ ಕೋಡೂ ಸರಿ ಇವೆ. ಸೊನ್ನೆ ಉಳಿದಿದೆಯಾ, ಒಂದು ಅಂಕಿ ಬಿಟ್ಟಿದೆಯಾ ನೋಡಿ. ಎಲ್ಲ ಸರಿ ಇದ್ದರೆ ಅವರ ಫೋನ್ ಸ್ವಿಚ್ ಆಫ್ ಇರಬಹುದು.

ಇಲ್ಲಿನ ಯಾರೋ ಅಪರಿಚಿತರು ಎತ್ತಿದರೆ ಪ್ಲಸ್ಸೋ ದೇಶದ ಕೋಡೋ ಬಿಟ್ಟುಹೋಗಿದೆ, ಇಲ್ಲವೇ +91 ಸೇರಿಕೊಂಡಿದೆ. ಕ್ಷಮೆ ಕೇಳಿ ಇಡಿ. ಅವರಿಗೇ ಪದೇ ಪದೇ ಮಾಡಬೇಡಿ, ಪಾಪ.

ಏನೂ ಕೇಳಿಸದೆ ತಕ್ಷಣ ಕಟ್ ಆದರೆ ಸಿಮ್ ಬದಲಿಸಿ ನೋಡಿ.

## ಹಂತ 9: ತಾಗಿದ ನಂಬರನ್ನು ಪ್ಲಸ್ ಸಮೇತ ಸೇವ್ ಮಾಡಿ

ಮಾತಾಡಿ ಮುಗಿದ ಕೂಡಲೇ ಕಾಲ್ ಲಿಸ್ಟ್‌ನಲ್ಲಿರುವ ಅದೇ ನಂಬರನ್ನು ಸೇವ್ ಮಾಡಿ. ಮತ್ತೆ ಕೈಯಲ್ಲಿ ಒತ್ತಬೇಡಿ. ಹೆಸರಿನ ಜೊತೆ ಊರು ಹಾಕಿ, "ಸಣ್ಣ ಮಗ ದುಬೈ" ಅಂತ. ಸೇವ್ ಆದಮೇಲೆ ತೆರೆದು ನೋಡಿ, ಫೋನ್ ತಾನಾಗಿಯೇ ಮುಂದೆ +91 ಸೇರಿಸಿಲ್ಲ ತಾನೇ? ಪ್ಲಸ್ ಇಲ್ಲದೆ 05 ಅಂತ ಸೇವ್ ಮಾಡಿದರೆ ವಾಟ್ಸಾಪ್‌ನಲ್ಲೂ ಅವರು ಕಾಣಿಸುವುದಿಲ್ಲ.

## ಅಲ್ಲಿಂದ ಇಲ್ಲಿಗೆ ಮಾಡುವವರಿಗೆ

ಮೊಬೈಲ್‌ನಿಂದ ಮಾಡುವುದಾದರೆ +91, ಆಮೇಲೆ 10 ಅಂಕಿ. +91 ಆದಮೇಲೆ ಸೊನ್ನೆ ಬೇಡ. ಲ್ಯಾಂಡ್‌ಲೈನ್‌ನಿಂದ ಮಾಡಿದರೆ ಬಾಗಿಲು ದೇಶಕ್ಕೊಂದು: ಅಮೆರಿಕ, ಕೆನಡಾದಿಂದ 011, ಆಸ್ಟ್ರೇಲಿಯಾದಿಂದ 0011, ಜಪಾನ್‌ನಿಂದ 010, ಬ್ರಿಟನ್ ಮತ್ತು ಗಲ್ಫ್‌ನಿಂದ 00.

ಅಪ್ಪ ಅಮ್ಮನ ಮನೆಯಲ್ಲಿ ಇನ್ನೂ ಲ್ಯಾಂಡ್‌ಲೈನ್ ಇದ್ದರೆ ಎಸ್‌ಟಿಡಿ ಕೋಡಿನ ಸೊನ್ನೆ ತೆಗೆಯಿರಿ. ಬೆಂಗಳೂರು +91 80, ಮಂಗಳೂರು +91 824, ಉಡುಪಿ +91 820, ಹುಬ್ಬಳ್ಳಿ +91 836, ಶಿವಮೊಗ್ಗ +91 8182.

ಇಲ್ಲಿನ ಸಿಮ್ ಹಾಕಿಕೊಂಡೇ ಯಾರಾದರೂ ಹೊರದೇಶಕ್ಕೆ ಹೋಗಿದ್ದರೆ ನಾವು ಅವರಿಗೆ ಮಾಡುವಾಗ ಯಾವ ಬದಲಾವಣೆಯೂ ಬೇಡ. ಎಂದಿನ 10 ಅಂಕಿ ಒತ್ತಿ. ರೋಮಿಂಗ್‌ನಲ್ಲಿ ಕರೆ ಎತ್ತುವುದಕ್ಕೆ ಅವರಿಗೆ ದುಡ್ಡು ಹೋಗುತ್ತದೆ ಅನ್ನುವುದು ನೆನಪಿರಲಿ, ಬೇಗ ಮುಗಿಸಿ.

## ಎಚ್ಚರಿಕೆ: ವಾಪಸ್ ಮಾಡಬಾರದ ಕರೆಗಳು

ಗೊತ್ತಿಲ್ಲದ ವಿದೇಶದ ನಂಬರಿನಿಂದ ಒಂದೇ ರಿಂಗ್ ಆಗಿ ಕಟ್ ಆಯಿತಾ? ವಾಪಸ್ ಮಾಡಬೇಡಿ. ದುಬಾರಿ ದರದ ನಂಬರಿಗೆ ನಮ್ಮಿಂದಲೇ ಕರೆ ಮಾಡಿಸಿಕೊಂಡು ದುಡ್ಡು ಹೊಡೆಯುವ ಹಳೆಯ ಉಪಾಯ ಇದು. +1 ಕಂಡ ಕೂಡಲೇ ಅಮೆರಿಕ ಅಂದುಕೊಳ್ಳಬೇಡಿ. +1 876 ಜಮೈಕಾ, +1 809 ಡೊಮಿನಿಕನ್ ರಿಪಬ್ಲಿಕ್. ಅಮೆರಿಕದ ಪ್ಯಾಕ್ ಅಲ್ಲಿಗೆ ನಡೆಯುತ್ತದೆ ಅನ್ನುವ ಭರವಸೆ ಇಲ್ಲ. ನಿಮ್ಮವರೇ ಆದರೆ ಮೆಸೇಜ್ ಮಾಡುತ್ತಾರೆ.

ಇನ್ನೂ ಕೆಟ್ಟದ್ದು, "ನಿಮ್ಮ ಮಗ ಅಲ್ಲಿ ತೊಂದರೆಯಲ್ಲಿದ್ದಾನೆ, ಈಗಲೇ ಹಣ ಹಾಕಿ" ಅನ್ನುವ ಕರೆ. ಅವರು ಹೇಳಿದ ನಂಬರಿಗೆ ಮಾಡಬೇಡಿ. ಕರೆ ಕಟ್ ಮಾಡಿ, ನೀವು ಸೇವ್ ಮಾಡಿಕೊಂಡ ಮಗನ ನಂಬರಿಗೇ ಮಾಡಿ. ಅವನು ಎತ್ತದಿದ್ದರೆ ಅವನ ಜೊತೆ ಇರುವವರಿಗೆ ಮಾಡಿ. ಅದಕ್ಕೇ ಹೊರದೇಶದಲ್ಲಿರುವವರ ರೂಮ್‌ಮೇಟ್‌ದೋ ಸ್ನೇಹಿತರದೋ ಒಂದು ನಂಬರ್ ಈಗಲೇ ಕೇಳಿ ಇಟ್ಟುಕೊಳ್ಳಿ. ಹಣ ಆಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಅನುಮಾನದ ಕರೆ ಮಾತ್ರ ಬಂದಿದ್ದರೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದ ಚಕ್ಷು ವಿಭಾಗದಲ್ಲಿ ವರದಿ ಮಾಡಬಹುದು.

## ಗೋಡೆಗೆ ಅಂಟಿಸುವ ಚೀಟಿ

ಮನೆಯಲ್ಲಿ ವಯಸ್ಸಾದವರು ಮಾತ್ರ ಇದ್ದರೆ ಇದನ್ನೊಂದು ಮಾಡಿಕೊಡಿ. ದಪ್ಪ ಹಾಳೆಯಲ್ಲಿ ಸ್ಕೆಚ್ ಪೆನ್ನಿನಿಂದ, ಬೆರಳಗಲದ ಅಂಕಿಗಳಲ್ಲಿ ಪೂರ್ತಿ ನಂಬರ್ ಬರೆಯಿರಿ. ಪ್ಲಸ್ ಬದಲು 00 ಬರೆಯಿರಿ, ಬಟನ್ ಹಿಡಿಯುವ ಗೋಜಲು ಇರುವುದಿಲ್ಲ. ದುಬೈ ಆದರೆ ಹೀಗೆ: 00 971 50 ××× ××××. ಕೆಳಗೆ "ಇಪ್ಪತ್ತು ಎಣಿಸುವ ತನಕ ಕಾಯಿರಿ" ಅಂತ ಒಂದು ಸಾಲು. ಅದರ ಕೆಳಗೆ "ರಾತ್ರಿ 8 ಆದರೆ ಅಲ್ಲಿ 6:30" ಅಂತ ಇನ್ನೊಂದು ಸಾಲು.

ದೊಡ್ಡಮ್ಮನ ಫೋನಿನ ಪಕ್ಕದ ಗೋಡೆಗೆ, ಕ್ಯಾಲೆಂಡರ್ ಕೆಳಗೆ, ಲಂಡನ್ ನಂಬರಿನ ಅಂಥದ್ದೇ ಚೀಟಿ ಅಂಟಿಸಿದ್ದೇನೆ. ಹಳೆಯ ಡೈರಿಯ 07ರ ಮೇಲೆ ಅವರೇ ನೀಲಿ ಪೆನ್ನಿನಿಂದ ಗೆರೆ ಎಳೆದಿದ್ದಾರೆ.